ಸ್ವಲೀನ ಮಕ್ಕಳನ್ನು ಅರಿಯೋಣ

ಕೆಲವು ವರ್ಷಗಳ ಹಿಂದಿನ ಮಾತು. ಎಂಟನೆಯ ತರಗತಿಯಲ್ಲಿ ಗದ್ದಲ ಹೆಚ್ಚಾದಾಗ, "ಎಲ್ಲರೂ ಬಾಯಿಗೆ ಬೀಗ ಹಾಕಿ" ಎಂದು ಗದರಿದೆ. ತರಗತಿ ಸ್ತಬ್ಧವಾಯಿತು. ಒಬ್ಬ ಹುಡುಗ ಮಾತ್ರ ಎದ್ದು ನಿಂತು, "ಬೀಗ ಎಲ್ಲಿದೆ ಮಾಷ್ಟ್ರೇ?" ಎಂದು ಕೇಳಿದ. ಉಳಿದವರೆಲ್ಲ ಗೊಳ್ಳೆಂದು ನಕ್ಕರು. ಇದು ಕುಚೋದ್ಯವೆಂದೇ ಬಗೆದು ಅವನನ್ನು ಹೊರಗೆ ನಿಲ್ಲಿಸಿದೆ. ಗಂಟೆ ಬಾರಿಸುವವರೆಗೂ ಅವನು ಎರಡೂ ಕಿವಿಗಳನ್ನು ಮುಚ್ಚಿಕೊಂಡು ಜಗಲಿಯಲ್ಲಿ ನಿಂತಿದ್ದ.

ಮರುದಿನ ಅವನ ತಾಯಿ ಬಂದರು. "ಅವನು ತಮಾಷೆ ಮಾಡಿದ್ದಲ್ಲ ಮಾಷ್ಟ್ರೇ. ನೀವು ಹೇಳಿದ್ದನ್ನು ಹಾಗೆಯೇ ನಂಬಿದ. ಯಾಕೆ ಹೊರಗೆ ನಿಲ್ಲಿಸಿದರೆಂದು ರಾತ್ರಿಯಿಡೀ ಕೇಳುತ್ತಿದ್ದ" ಎಂದರು. ಹುಡುಗನಿಗೆ ಸ್ವಲೀನತೆ ಇದೆಯೆಂಬುದು ನನಗೆ ತಿಳಿದದ್ದು ಅಂದು. ನುಡಿಗಟ್ಟುಗಳನ್ನು ಕಲಿಸಬೇಕಾದ ಕನ್ನಡ ಅಧ್ಯಾಪಕನೇ ಒಂದು ನುಡಿಗಟ್ಟಿನಿಂದ ಮಗುವನ್ನು ನೋಯಿಸಿದ್ದೆ. ಆ ತಪ್ಪಿನ ಅರಿವೇ ಈ ಲೇಖನಕ್ಕೆ ಕಾರಣ.

ಸ್ವಲೀನತೆ ಎಂದರೇನು?

ಇಂಗ್ಲಿಷಿನ 'ಆಟಿಸಂ' ಎಂಬುದಕ್ಕೆ ನಾವು ಸ್ವಲೀನತೆ ಎನ್ನುತ್ತೇವೆ. 'ತಾನು' ಎಂಬರ್ಥದ ಗ್ರೀಕ್ ಪದವೇ ಆಟಿಸಂ ಎಂಬ ಪದದ ಮೂಲ. 1943ರಲ್ಲಿ ಅಮೆರಿಕೆಯ ಬಾಲ್ಟಿಮೋರ್ ನಗರದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಅವರು 11 ಮಕ್ಕಳನ್ನು ಪರಿಶೀಲಿಸಿ, ಅವರಲ್ಲಿ ಕಂಡ ಲಕ್ಷಣಗಳನ್ನು ವಿವರವಾಗಿ ಬರೆದರು. ಮರುವರ್ಷ ವಿಯೆನ್ನಾದ ವೈದ್ಯ ಹ್ಯಾನ್ಸ್ ಆಸ್ಪರ್ಗರ್ ಅವರೂ ಇಂತಹ ಮಕ್ಕಳ ಬಗ್ಗೆ ಬರೆದರು. 1979ರಲ್ಲಿ ಲಂಡನ್ನಿನ ಲೋರ್ನಾ ವಿಂಗ್ ಮತ್ತು ಜುಡಿತ್ ಗೌಲ್ಡ್ ತಮ್ಮ ಅಧ್ಯಯನವನ್ನು ಪ್ರಕಟಿಸಿದ ಮೇಲೆ, ಇದು ಒಂದೇ ಅಚ್ಚಿನ ಸ್ಥಿತಿಯಲ್ಲವೆಂಬುದು ಸ್ಪಷ್ಟವಾಗತೊಡಗಿತು. ಕಾಮನಬಿಲ್ಲಿನಲ್ಲಿ ಒಂದು ಬಣ್ಣ ಇನ್ನೊಂದರೊಡನೆ ಬೆರೆತು ಹೋಗುವಂತೆ ಇದರಲ್ಲಿಯೂ ನಾನಾ ಬಗೆಗಳಿವೆ. ಆದ್ದರಿಂದಲೇ ಇದನ್ನು 'ಸ್ವಲೀನತಾ ವರ್ಣಪಟಲ' ಎಂದು ಕರೆಯುತ್ತಾರೆ. ಒಂದು ಮಗು ಜೀವಮಾನವಿಡೀ ಒಂದು ಮಾತನ್ನೂ ಆಡದಿರಬಹುದು. ಇನ್ನೊಂದು ಮಗು ರೈಲುಗಳ ವೇಳಾಪಟ್ಟಿಯನ್ನೇ ಬಾಯಿಪಾಠ ಒಪ್ಪಿಸಬಹುದು.

ಇದು ರೋಗವಲ್ಲ, ಒಬ್ಬರಿಂದ ಇನ್ನೊಬ್ಬರಿಗೆ ಅಂಟುವುದೂ ಇಲ್ಲ. ಮೆದುಳು ಬೆಳೆಯುವ ರೀತಿಯಲ್ಲಿಯೇ ಇರುವ ವ್ಯತ್ಯಾಸ. 2021ರಲ್ಲಿ ಜಗತ್ತಿನಲ್ಲಿ ಸುಮಾರು 127 ಜನರಲ್ಲಿ ಒಬ್ಬರಿಗೆ ಸ್ವಲೀನತೆ ಇತ್ತೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಹಾಗಾದರೆ ಪ್ರತಿ ಊರಿನಲ್ಲಿಯೂ ಇಂತಹವರು ಇದ್ದೇ ಇರುತ್ತಾರೆ.

ಲಕ್ಷಣಗಳು

ಒಂದು ವರ್ಷದ ಮಗು ಹೆಸರು ಹಿಡಿದು ಕರೆದಾಗ ಸಾಮಾನ್ಯವಾಗಿ ತಿರುಗಿ ನೋಡುತ್ತದೆ. ಒಂದೂವರೆ ವರ್ಷದೊಳಗೆ ಚಂದ್ರನನ್ನೋ ಕಾಗೆಯನ್ನೋ ಬೆರಳಿನಿಂದ ತೋರಿಸಿ, 'ನೀನೂ ನೋಡು' ಎಂಬಂತೆ ತಾಯಿಯ ಮುಖ ನೋಡುತ್ತದೆ. ಇವು ಕಾಣದಿದ್ದರೆ, ಅಥವಾ ಕಲಿತ ಮಾತುಗಳು ಮರೆಯಾಗುತ್ತ ಬಂದರೆ, ತಡಮಾಡದೆ ವೈದ್ಯರಿಗೆ ತೋರಿಸಬೇಕು. ಕಿವಿ ಸರಿಯಾಗಿ ಕೇಳಿಸುತ್ತದೆಯೇ ಎಂಬುದನ್ನೂ ಪರೀಕ್ಷಿಸಬೇಕು. ಆಟದ ಬಂಡಿಯನ್ನು ಓಡಿಸದೆ ಚಕ್ರವನ್ನಷ್ಟೇ ತಿರುಗಿಸುತ್ತ ಕೂರುವುದು, ಕೈಗಳನ್ನು ಬಡಿಯುತ್ತಿರುವುದು, ದಿನಚರಿ ಸ್ವಲ್ಪ ಬದಲಾದರೂ ತಾಳಲಾರದೆ ಅಳುವುದು, ಕುಕ್ಕರಿನ ಸೀಟಿಗೋ ಜಾತ್ರೆಯ ಗರ್ನಾಲಿಗೋ ವಿಪರೀತ ಹೆದರುವುದು, ಇವೂ ಲಕ್ಷಣಗಳೇ. ಆದರೆ ಯಾವುದೋ ಒಂದನ್ನು ಕಂಡು ನಾವೇ ತೀರ್ಮಾನಿಸಬಾರದು. ಅದು ತಜ್ಞರ ಕೆಲಸ.

ಮಾತಿನ ವಿಚಾರವನ್ನು ತುಸು ವಿವರವಾಗಿ ನೋಡೋಣ. "ಹಸಿವಾಯಿತಾ?" ಎಂದು ತಾಯಿ ಕೇಳಿದರೆ ಮಗುವೂ "ಹಸಿವಾಯಿತಾ?" ಎನ್ನಬಹುದು. "ನಿನಗೆ ನೀರು ಬೇಕು" ಎಂದು ತನಗಾಗಿ ನೀರು ಕೇಳಬಹುದು. ಕೇಳಿದವರಿಗೆ ಇದು ಅಣಕದಂತೆ ತೋರುತ್ತದೆ. ನಿಜದಲ್ಲಿ, ಊಟದ ಹೊತ್ತಿಗೆ ಕೇಳಿಬರುವ ಮಾತನ್ನು ಮಗು ಇಡಿಯಾಗಿ ಎತ್ತಿಕೊಂಡು ತನ್ನ ಹಸಿವನ್ನು ತಿಳಿಸುತ್ತಿದೆ. 'ತಲೆ ತಿನ್ನಬೇಡ', 'ಕಿವಿ ಕೊಟ್ಟು ಕೇಳು' ಎಂಬ ಮಾತುಗಳ ಹಿಂದಿನ ಅರ್ಥ ನಮಗೆ ಬೇಗ ಹೊಳೆಯುತ್ತದೆ. ಈ ಮಕ್ಕಳಲ್ಲಿ ಹಲವರಿಗೆ ಅದನ್ನು ಬಿಡಿಸಿ ಹೇಳಬೇಕಾಗುತ್ತದೆ.

ತಾಯಿಯ ತಪ್ಪಲ್ಲ

ತಾಯಿಯ ಪ್ರೀತಿ ಸಾಲದೆ ಮಗು ಹೀಗಾಗುತ್ತದೆ ಎಂಬ ಕ್ರೂರ ವಾದವೊಂದು ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲ ನಡೆಯಿತು. ಸ್ವತಃ ಇಂತಹ ಮಗುವಿನ ತಂದೆಯಾಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲಾಂಡ್ 1964ರಲ್ಲಿ ಗ್ರಂಥವನ್ನೇ ಬರೆದು ಅದನ್ನು ಖಂಡಿಸಿದರು. ವಂಶವಾಹಿಗಳ ಪಾತ್ರವೇ ಇದರಲ್ಲಿ ದೊಡ್ಡದೆಂದು ಈಗ ತಿಳಿದಿದೆ. ಚುಚ್ಚುಮದ್ದಿನಿಂದ ಸ್ವಲೀನತೆ ಬರುತ್ತದೆಂಬ ಶಂಕೆಗೆ 1998ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ, 12 ಮಕ್ಕಳನ್ನು ಕುರಿತ ಪ್ರಬಂಧ ಕಾರಣ. ಅದು ನಂಬಲರ್ಹವಲ್ಲವೆಂದು ಪತ್ರಿಕೆಯೇ 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಲಕ್ಷಾಂತರ ಮಕ್ಕಳ ಮೇಲೆ ನಡೆದ ಅಧ್ಯಯನಗಳಲ್ಲಿ ಅಂತಹ ಸಂಬಂಧ ಕಂಡುಬಂದಿಲ್ಲ.

ನಮ್ಮ ಗಡಿನಾಡಿನ ಹೆತ್ತವರಿಗೆ ಇನ್ನೊಂದು ಶಂಕೆಯಿದೆ. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ಇಷ್ಟು ಭಾಷೆಗಳ ಗೊಂದಲದಿಂದಲೇ ಮಾತು ತಡವಾಯಿತೇ? ಇಲ್ಲ. ಎರಡು ಭಾಷೆಗಳ ನಡುವೆ ಬೆಳೆದುದರಿಂದ ಸ್ವಲೀನ ಮಕ್ಕಳ ಮಾತು ಹಿಂದೆ ಬಿದ್ದುದು ಸಂಶೋಧನೆಗಳಲ್ಲಿ ಕಂಡಿಲ್ಲ. ಮನೆಮಾತನ್ನು ಬಿಟ್ಟುಬಿಡಿ ಎಂಬ ಸಲಹೆಗೆ ಕಿವಿಗೊಡಬೇಡಿ. ಅಜ್ಜಿ ಮಗುವನ್ನು ಮುದ್ದಿಸುವ ಭಾಷೆಯನ್ನೇ ತೆಗೆದುಬಿಟ್ಟರೆ ಮಗು ಮನೆಯಲ್ಲೇ ಒಂಟಿಯಾದೀತು.

ಮನೆಯಲ್ಲಿ, ಶಾಲೆಯಲ್ಲಿ

ಸ್ವಲೀನತೆಯನ್ನು ತೊಡೆದುಹಾಕುವ ಔಷಧವಿಲ್ಲ. ಪೂರ್ಣ ಗುಣಪಡಿಸುತ್ತೇವೆಂದು ಹೇಳಿ ಹಣ ಕೀಳುವವರನ್ನು ನಂಬಿ ಮೋಸಹೋಗಬಾರದು. ಎಳವೆಯಲ್ಲಿಯೇ ಮಾತಿನ ತರಬೇತಿ, ದಿನನಿತ್ಯದ ಕೆಲಸಗಳ ತರಬೇತಿ ದೊರೆತರೆ ಬಹಳ ಪ್ರಯೋಜನವುಂಟು. ಮಾತು ಬಾರದ ಮಗು ಚಿತ್ರಗಳನ್ನು ತೋರಿಸಿ ತನಗೆ ಬೇಕಾದುದನ್ನು ತಿಳಿಸಲು ಕಲಿಯಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಗುರುತಿಸಿದ 21 ಬಗೆಗಳಲ್ಲಿ ಸ್ವಲೀನತೆಯೂ ಸೇರಿದೆ. ಪ್ರಮಾಣಪತ್ರ ಪಡೆಯಲು ಹೆತ್ತವರು ಸಂಕೋಚಪಡಬಾರದು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂತಹ ಅನುಕೂಲಗಳಿಗೆ ಅದು ಬೇಕಾಗುತ್ತದೆ.

ಅಧ್ಯಾಪಕನಾಗಿ ನಾನು ಕಲಿತದ್ದು ಸಣ್ಣ ಸಂಗತಿಗಳು. 'ಬಾಯಿಗೆ ಬೀಗ' ಎನ್ನುವ ಬದಲು 'ಐದು ನಿಮಿಷ ಮಾತಾಡಬೇಡಿ' ಎನ್ನುವುದು. ನಾಳೆ ಪಾಠದ ಬದಲು ಕ್ರೀಡಾಕೂಟದ ಅಭ್ಯಾಸವಿದ್ದರೆ ಇಂದೇ ತಿಳಿಸುವುದು. ಉತ್ತರಕ್ಕೆ ಸ್ವಲ್ಪ ಕಾಯುವುದು. 'ಕಣ್ಣಿಗೆ ಕಣ್ಣಿಟ್ಟು ಮಾತಾಡು' ಎಂದು ಒತ್ತಾಯಿಸದಿರುವುದು. ಆ ಹುಡುಗನ ಬಳಿ ನಾನು ಕ್ಷಮೆ ಕೇಳಿದೆ. ಅನಂತರ ನಾವಿಬ್ಬರೂ ಸೇರಿ ಒಂದು ಪುಸ್ತಕ ಮಾಡಿದೆವು. ಎಡಪುಟದಲ್ಲಿ ನುಡಿಗಟ್ಟು, ಬಲಪುಟದಲ್ಲಿ ಅದರ ನಿಜವಾದ ಅರ್ಥ. ವರ್ಷ ಮುಗಿಯುವಾಗ ಆ ಪುಸ್ತಕದಿಂದ ಇಡೀ ತರಗತಿಯೇ ಪಾಠ ಓದುತ್ತಿತ್ತು. ಮೊದಲ ಪುಟದಲ್ಲಿದ್ದುದು 'ಬಾಯಿಗೆ ಬೀಗ ಹಾಕು'.

ವಿದ್ಯಾರ್ಥಿಗಳೇ, ನಿಮ್ಮಿಂದ ಆಗುವ ಸಹಾಯ ಅಧ್ಯಾಪಕರಿಂದಲೂ ಆಗದು. ಸ್ವಲೀನ ಮಗುವಿಗೆ ಗೆಳೆಯರು ಬೇಡವೆಂದು ತಿಳಿಯಬೇಡಿ. ಆಟಕ್ಕೆ ಸೇರಿಕೊಳ್ಳುವ ಬಗೆ ತಿಳಿಯದೆ ಅದು ದೂರ ನಿಂತಿರಬಹುದು. ಅದನ್ನು ಅಣಕಿಸಬೇಡಿ, ಅಣಕಿಸುವವರ ಜತೆ ನಗಲೂ ಬೇಡಿ. ಊಟದ ಬಿಡುವಿನಲ್ಲಿ ಪಕ್ಕದಲ್ಲಿ ಕುಳಿತುಕೊಳ್ಳಿ. ಆಟದ ನಿಯಮವನ್ನು ಬಿಡಿಸಿ ಹೇಳಿ, ಒಂದು ಸರದಿ ಕೊಡಿ. ನಮ್ಮ ಭಾಷೆಯನ್ನು ಕಲಿಯಲು ಆ ಮಗು ದಿನವೂ ಶ್ರಮಪಡುತ್ತಿದೆ. ಅದರ ಭಾಷೆಯನ್ನು ಸ್ವಲ್ಪವಾದರೂ ಕಲಿಯುವುದು ನಮ್ಮ ಕರ್ತವ್ಯವಲ್ಲವೇ?