ಬ್ಲೂಸ್ ಹಾರ್ಮೋನಿಕಾಕ್ಕೆ ಆಂಪ್ಲಿಫೈಯರ್ ಆರಿಸುವುದು: ಹಂತ ಹಂತವಾಗಿ

ಸಂಗೀತೋಪಕರಣಗಳ ಅಂಗಡಿಗೆ ಹೋಗಿ ಹಾರ್ಮೋನಿಕಾಕ್ಕೆ ಒಂದು ಆಂಪ್ ಬೇಕು ಎಂದರೆ, ಸಾಮಾನ್ಯವಾಗಿ ಎದುರಿಗೆ ತಂದಿಡುವುದು ಗಿಟಾರ್ ಆಂಪನ್ನೇ. ಅದರಲ್ಲಿ ತಪ್ಪಿಲ್ಲ, ಬ್ಲೂಸ್ ವಾದಕರೂ ಗಿಟಾರ್ ಆಂಪುಗಳನ್ನೇ ಬಳಸುತ್ತ ಬಂದಿದ್ದಾರೆ. ಆದರೆ ಗಿಟಾರಿಗೆ ಯಾವುದು ಗುಣವೋ ಹಾರ್ಮೋನಿಕಾಕ್ಕೆ ಬಹಳ ಸಲ ಅದೇ ದೋಷ. ಗಿಟಾರಿನವರಿಗೆ ಹೆಚ್ಚು ಗೇನ್ ಬೇಕು, ಮಿಂಚುವ ಟ್ರೆಬಲ್ ಬೇಕು. ನಾವು ಹಿಡಿಯುವುದು ಮೈಕು. ಅದು ನಮ್ಮ ವಾದ್ಯದ ಜೊತೆಗೆ ಸ್ಪೀಕರಿನಿಂದ ಬರುವುದನ್ನೂ ಕೇಳಿಸಿಕೊಂಡು ಮತ್ತೆ ಆಂಪಿಗೆ ಕಳಿಸುತ್ತದೆ. ಗೇನ್ ಹೆಚ್ಚಾದಷ್ಟೂ ಬೇಗ ಕುಯ್ಯೆಂದು ಕೂಗುತ್ತದೆ. ಹಾಗಾಗಿ ಆಂಪ್ ಆರಿಸುವಾಗ ನಾನು ನೋಡುವ ಅಳತೆ ಒಂದೇ: ಕೂಗು ಹಿಡಿಯುವ ಮೊದಲು ಅದು ಎಷ್ಟು ದಪ್ಪವಾಗಿ, ಎಷ್ಟು ಗಟ್ಟಿಯಾಗಿ ನುಡಿಯುತ್ತದೆ?

ಹಂತ 1: ಬೇಕಾದ ನಾದವನ್ನು ಕಿವಿಯಲ್ಲಿ ಕೂರಿಸಿಕೊಳ್ಳಿ

ಮೌತ್ ಆರ್ಗನ್ ಎಂದೊಡನೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾದ 'ಶೋಲೆ'ಯ (1975) ಆ ತಿಳಿಯಾದ, ಇಂಪಾದ ಧುನ್. ಶಿಕಾಗೋ ಬ್ಲೂಸ್‌ನ ನಾದವೇ ಬೇರೆ. ಎರಡನೇ ಮಹಾಯುದ್ಧದ ನಂತರ ಅಲ್ಲಿನ ಬಾರುಗಳಲ್ಲಿ ಎಲೆಕ್ಟ್ರಿಕ್ ಗಿಟಾರು, ಡ್ರಮ್ಮುಗಳ ಸದ್ದಿನ ನಡುವೆ ಹತ್ತು ರಂಧ್ರಗಳ ಪುಟ್ಟ ಹಾರ್ಮೋನಿಕಾ ಕೇಳಿಸುತ್ತಲೇ ಇರಲಿಲ್ಲ. ವಾದಕರು ಅಗ್ಗದ ಮೈಕನ್ನು ವಾದ್ಯದ ಜೊತೆಗೇ ಅಂಗೈಯಲ್ಲಿ ಮುಚ್ಚಿಹಿಡಿದು ಸಣ್ಣ ಆಂಪಿಗೆ ಸಿಕ್ಕಿಸಿದರು. ಆಂಪ್ ತನ್ನ ಶಕ್ತಿ ಮೀರಿದಾಗ ನಾದ ಒಡೆದು, ಸ್ಯಾಕ್ಸೊಫೋನಿನಷ್ಟು ದಪ್ಪವಾಯಿತು. ಲಿಟಲ್ ವಾಲ್ಟರ್ 1952ರಲ್ಲಿ ಧ್ವನಿಮುದ್ರಿಸಿದ 'ಜ್ಯೂಕ್' ಬಿಲ್‌ಬೋರ್ಡಿನ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಎಂಟು ವಾರ ಮೊದಲ ಸ್ಥಾನದಲ್ಲಿತ್ತು. ಅದನ್ನು ಕೇಳಿ. ಬಿಗ್ ವಾಲ್ಟರ್ ಹಾರ್ಟನ್, ಜೇಮ್ಸ್ ಕಾಟನ್, ಕಿಮ್ ವಿಲ್ಸನ್ ಅವರನ್ನೂ ಕೇಳಿ. ಆಂಪ್ ಹುಡುಕುವ ಮೊದಲು ಒಂದೆರಡು ವಾರ ಇಷ್ಟೇ ಮಾಡಿದರೂ ಸಾಕು. ಯಾವ ನಾದ ಬೇಕೆಂದು ಗೊತ್ತಿಲ್ಲದವರು ಅಂಗಡಿಯವರು ಹೇಳಿದ್ದನ್ನು ಕೊಂಡು ಬರುತ್ತಾರೆ.

ಹಂತ 2: ಮೊದಲು ಮೈಕು, ಆಮೇಲೆ ಆಂಪ್

ಆಂಪಿನ ಅರ್ಧ ಗುಣ ಮೈಕಿನಲ್ಲೇ ತೀರ್ಮಾನವಾಗುತ್ತದೆ. ಬ್ಲೂಸ್‌ನವರ ಮೆಚ್ಚಿನವು ಮುಷ್ಟಿ ತುಂಬುವ ಬುಲೆಟ್ ಮೈಕುಗಳು: 1949ರಲ್ಲಿ ಬಂದ ಶ್ಯೂರ್ 520 'ಗ್ರೀನ್ ಬುಲೆಟ್', ಹಾಗೂ ಆಸ್ಟ್ಯಾಟಿಕ್ ಜೆಟಿ-30. ಇವು ಹೈ ಇಂಪೀಡೆನ್ಸ್ ಮೈಕುಗಳಾದ್ದರಿಂದ ಗಿಟಾರ್ ಆಂಪಿಗೆ ನೇರವಾಗಿ ಒಗ್ಗುತ್ತವೆ. ನಿಮ್ಮ ಬಳಿ ಹಾಡುಗಾರರ ಎಸ್‌ಎಂ58 ಇದ್ದರೆ ಅದೂ ಆದೀತು. ಆದರೆ ಅದು ಲೋ ಇಂಪೀಡೆನ್ಸಿನದು, ಆಂಪಿಗೆ ಸಿಕ್ಕಿಸುವ ತುದಿಯಲ್ಲಿ ಒಂದು ಮ್ಯಾಚಿಂಗ್ ಟ್ರಾನ್ಸ್‌ಫಾರ್ಮರ್ ಬೇಕು. ಹಳೆಯ ಜೆಟಿ-30ಯ ಒಳಗಿರುವುದು ಕ್ರಿಸ್ಟಲ್. ಅದಕ್ಕೆ ಬಿಸಿಯೂ ಆಗದು, ತೇವವೂ ಆಗದು. ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗೆ ಬಿಟ್ಟು ಹೋದರೆ ಕೆಟ್ಟಿತೆಂದೇ ತಿಳಿಯಿರಿ. ಮೈಕಿನ ಮೇಲೆಯೇ ವಾಲ್ಯೂಮ್ ನಾಬ್ ಇದ್ದರೆ ಬಹಳ ಅನುಕೂಲ. ಕೂಗು ಶುರುವಾದ ತಕ್ಷಣ ಆಂಪಿನ ಬಳಿಗೆ ಓಡದೆ ಬೆರಳಲ್ಲೇ ತಗ್ಗಿಸಬಹುದು.

ಹಿಡಿಯುವ ರೀತಿಯನ್ನೂ ಈಗಲೇ ಕಲಿಯಿರಿ. ಎಡಗೈಯ ಹೆಬ್ಬೆರಳು, ತೋರುಬೆರಳುಗಳ ನಡುವೆ ಹಾರ್ಮೋನಿಕಾ, ಅದರ ಬೆನ್ನಿಗೆ ಮೈಕು. ಬಲ ಅಂಗೈ ಬಂದು ಎರಡನ್ನೂ ಸುತ್ತಿ ಮುಚ್ಚುತ್ತದೆ. ಕಿರುಬೆರಳ ಬುಡದ ಸಂದಿಯಲ್ಲಿ ಗಾಳಿ ಸೋರುತ್ತಿರುತ್ತದೆ, ಅಲ್ಲಿ ಒತ್ತಿ ಹಿಡಿದರೆ ನಾದ ಥಟ್ಟನೆ ದಪ್ಪವಾಗುವುದು ನಿಮಗೇ ಕೇಳಿಸುತ್ತದೆ. ಹೀಗೆ ಮುಚ್ಚಲು ಬಾರದವರ ಕೈಯಲ್ಲಿ ಎಷ್ಟು ದುಬಾರಿ ಆಂಪ್ ಇದ್ದರೂ ತೆಳುವಾಗಿಯೇ ನುಡಿಯುತ್ತದೆ.

ಹಂತ 3: ಟ್ಯೂಬೋ ಟ್ರಾನ್ಸಿಸ್ಟರೋ

ಶಕ್ತಿ ಮೀರಿದಾಗ ಟ್ಯೂಬ್ ಆಂಪಿನ ಧ್ವನಿ ಒಮ್ಮೆಗೇ ಒಡೆಯದೆ ಮೆತ್ತಗೆ, ಹಂತಹಂತವಾಗಿ ಒಡೆಯುತ್ತದೆ. ಮೆಲ್ಲಗೆ ಊದಿದರೆ ತಿಳಿ, ಒತ್ತಿ ಎಳೆದರೆ ಗೊಗ್ಗರು. ಉಸಿರಿಗೆ ತಕ್ಕಂತೆ ಬಣ್ಣ ಬದಲಾಗುತ್ತದೆ. ಬ್ಲೂಸ್‌ಗೆ ಬೇಕಾದದ್ದು ಇದೇ. ಮನೆಯ ಅಭ್ಯಾಸಕ್ಕಾದರೆ ರೋಲ್ಯಾಂಡ್ ಮೈಕ್ರೋ ಕ್ಯೂಬ್‌ನಂಥ, ಬ್ಯಾಟರಿಯಲ್ಲೂ ನಡೆಯುವ ಪುಟ್ಟ ಟ್ರಾನ್ಸಿಸ್ಟರ್ ಆಂಪೂ ಸಾಕು. ವೇದಿಕೆಗೆ ನಾನು ಟ್ಯೂಬ್ ಆಂಪನ್ನೇ ಹೇಳುತ್ತೇನೆ.

ಹಂತ 4: ವಾಟ್ಸ್‌ಗೆ ಮರುಳಾಗಬೇಡಿ

ವಾಟ್ಸ್ ದುಪ್ಪಟ್ಟಾದರೆ ಸದ್ದು ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಸದ್ದು ಎರಡರಷ್ಟು ಅನ್ನಿಸಲು ಸುಮಾರು 10 ಡೆಸಿಬೆಲ್ ಬೇಕು. 5 ವಾಟ್ಸ್‌ನಿಂದ 40ಕ್ಕೆ ಹೋದರೆ ಸಿಗುವುದು 9. ಎಂಟು ಪಟ್ಟು ಶಕ್ತಿ ಕೊಟ್ಟರೂ ಕಿವಿಗೆ ಎರಡರಷ್ಟೂ ಆಗಲಿಲ್ಲ! ಹಾಗಾಗಿ ಮನೆ ಮತ್ತು ಸಣ್ಣ ಕೋಣೆಗೆ 5 ವಾಟ್ಸ್ ಧಾರಾಳ. ಫೆಂಡರ್ ಚಾಂಪ್ ಇದಕ್ಕೆ ಹಳೆಯ ಮಾದರಿ: ಒಂದು 6ವಿ6 ಪವರ್ ಟ್ಯೂಬು, 8 ಇಂಚಿನ ಒಂದು ಸ್ಪೀಕರು, ಒಂದು ವಾಲ್ಯೂಮ್ ನಾಬು. ಡ್ರಮ್ ಇರುವ ತಂಡದ ಜೊತೆ ನುಡಿಸುವುದಾದರೆ 15ರಿಂದ 20 ವಾಟ್ಸ್ ನೋಡಿ. ಇನ್ನೂ ಬೇಕಾದರೆ ಆಂಪಿನ ಸ್ಪೀಕರ್ ಮುಂದೆ ಎಸ್‌ಎಂ57 ಮೈಕು ಇಟ್ಟು ಸಭಾಂಗಣದ ಸೌಂಡ್ ಸಿಸ್ಟಮ್ಮಿಗೆ ಕೊಡಬಹುದು.

ಇಡೀ ಬ್ಲೂಸ್ ಲೋಕ ಗೌರವದಿಂದ ಕಾಣುವುದು 1959ರ ಫೆಂಡರ್ ಬಾಸ್‌ಮನ್ ಅನ್ನು. ಬಾಸ್ ಗಿಟಾರಿಗೆಂದು ಮಾಡಿದ್ದು. ಸುಮಾರು 40 ವಾಟ್ಸ್, 10 ಇಂಚಿನ ನಾಲ್ಕು ಸ್ಪೀಕರು. ಅದರ ಮರುತಯಾರಿಕೆಗಳು ಇಂದಿಗೂ ಸಿಗುತ್ತವೆ. ತೂಕ ಇಪ್ಪತ್ತು ಕಿಲೋ ದಾಟುತ್ತದೆ. ಮೊದಲ ಆಂಪಾಗಿ ಅದನ್ನು ಕೊಳ್ಳಬೇಡಿ.

ಹಂತ 5: ಅಂಗಡಿಯಲ್ಲಿ ಪರೀಕ್ಷೆ

ನಿಮ್ಮದೇ ಮೈಕು, ನಿಮ್ಮದೇ ಹಾರ್ಮೋನಿಕಾ ಒಯ್ಯಿರಿ. ಅಂಗಡಿಯ ಹುಡುಗ ಗಿಟಾರ್ ನುಡಿಸಿ ತೋರಿಸಿದ್ದು ಲೆಕ್ಕಕ್ಕಿಲ್ಲ. ವಾಲ್ಯೂಮ್ ಸೊನ್ನೆ, ಬಾಸ್ ಏಳೆಂಟು, ಟ್ರೆಬಲ್ ಎರಡು ಮೂರು, ರಿವರ್ಬ್ ಬಂದ್. ಎರಡು ಇನ್‌ಪುಟ್ ಇದ್ದರೆ ಕಡಿಮೆ ಗೇನ್‌ನ ಎರಡನೆಯದಕ್ಕೆ ಸಿಕ್ಕಿಸಿ. ಐದಾರು ಅಡಿ ದೂರ ನಿಂತು, ಮೈಕನ್ನು ಬಿಗಿಯಾಗಿ ಮುಚ್ಚಿಕೊಂಡು, ಜೊತೆಯವರಿಂದ ವಾಲ್ಯೂಮನ್ನು ನಿಧಾನವಾಗಿ ಏರಿಸಿ. ಕೂಗು ಶುರುವಾದಲ್ಲಿಂದ ಒಂದಿಷ್ಟು ಹಿಂದಕ್ಕೆ ತನ್ನಿ. ಆ ಆಂಪಿನಿಂದ ನಿಮಗೆ ಸಿಗುವ ಸದ್ದು ಅಷ್ಟೇ.

ಈಗ ನುಡಿಸಿ. ಎ ಹಾರ್ಮೋನಿಕಾ ಇದ್ದರೆ ಎರಡನೇ ರಂಧ್ರವನ್ನು ಎಳೆದು ಇ ಸ್ವರವನ್ನು ಉದ್ದಕ್ಕೆ ಹಿಡಿಯಿರಿ. ಬೆಣ್ಣೆಯಂತೆ ಬರಬೇಕು, ಬುಡದಲ್ಲಿ ಗುಡುಗಬಾರದು. ಬಳಿಕ ನಾಲಗೆಯಿಂದ 2, 3ನೇ ರಂಧ್ರ ಮುಚ್ಚಿ 1 ಮತ್ತು 4ನ್ನು ಒಟ್ಟಿಗೆ ಊದಿ. ಇದು ನಿಜವಾದ ಪರೀಕ್ಷೆ. ಒಳ್ಳೆಯ ಆಂಪಿನಲ್ಲಿ ಎರಡು ಸ್ವರಗಳೂ ಬೆಸೆದು ಒಂದು ದೊಡ್ಡ ಸ್ವರವಾಗಿ ಎದೆಗೆ ತಾಗುತ್ತವೆ. ಕೆಟ್ಟದ್ದರಲ್ಲಿ ಎರಡೂ ಕಲಸಿ ಜೇನುನೊಣದ ಗುಂಯ್‌ಗುಡುವಿಕೆ ಮಾತ್ರ ಉಳಿಯುತ್ತದೆ. ಅಂಥದನ್ನು ಎಷ್ಟೇ ರಿಯಾಯಿತಿ ಕೊಟ್ಟರೂ ಬಿಟ್ಟು ಬನ್ನಿ.

ಹಂತ 6: ಕೂಗು ತಗ್ಗಿಸುವ ದಾರಿ

ಆಂಪ್ ಇಷ್ಟವಾಗಿದೆ, ಕೂಗು ಮಾತ್ರ ಬೇಗ ಬರುತ್ತದೆ ಎಂದಾದರೆ ಮೊದಲ ಪ್ರೀಆಂಪ್ ಟ್ಯೂಬನ್ನು ಬದಲಿಸಿ. ಹೆಚ್ಚಿನವುಗಳಲ್ಲಿ ಇರುವುದು 12ಎಎಕ್ಸ್7, ಅದರ ವರ್ಧನೆ ಸುಮಾರು 100. ಅದೇ ಸಾಕೆಟ್ಟಿಗೆ ಕೂರುವ 12ಎವೈ7ದು ಸುಮಾರು 45, 12ಎಯು7ದು 20ರ ಆಸುಪಾಸು. ಮೂಲ 1959ರ ಬಾಸ್‌ಮನ್‌ನಲ್ಲಿ ಆ ಜಾಗದಲ್ಲಿ ಇದ್ದದ್ದೂ 12ಎವೈ7 ಟ್ಯೂಬೇ. ಆಂಪ್ ಆಫ್ ಮಾಡಿ, ಪ್ಲಗ್ ಕಿತ್ತು, ಟ್ಯೂಬ್ ತಣ್ಣಗಾದ ಮೇಲೆ ಬದಲಿಸಿ. ಛಾಸಿ ಬಿಚ್ಚಲು ಹೋಗಬೇಡಿ. ಒಳಗಿನ ಕೆಪಾಸಿಟರುಗಳಲ್ಲಿ ಪ್ಲಗ್ ಕಿತ್ತ ಮೇಲೂ ನೂರಾರು ವೋಲ್ಟ್ ಉಳಿದಿರುತ್ತದೆ.

ಹಂತ 7: ಕರೆಂಟು

ಅಮೆರಿಕದಿಂದ ನೆಂಟರ ಕೈಲಿ ಆಂಪ್ ತರಿಸುವವರು ಗಮನಿಸಿ. ಅಲ್ಲಿ 120 ವೋಲ್ಟ್, ಇಲ್ಲಿ 230. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ಆಂಪಿನ ಬೆನ್ನಿನ ಫಲಕದಲ್ಲಿ ಬರೆದಿರುವ ವಾಟ್ಸ್‌ನ ಒಂದೂವರೆ ಪಟ್ಟಾದರೂ ತಾಳುವ ಟ್ರಾನ್ಸ್‌ಫಾರ್ಮರ್ ಕೊಳ್ಳಿ. ಎರಡೇ ಪಿನ್ನಿನ ಹಳೆಯ ಆಂಪ್ ಸಿಕ್ಕಿದರೆ, ತಿಳಿದ ರಿಪೇರಿಯವರಿಂದ ಮೂರು ಪಿನ್ನಿನ ಅರ್ಥಿಂಗ್ ಮಾಡಿಸದೆ ಮುಟ್ಟಬೇಡಿ. ನಿಮ್ಮ ಕೈಯಲ್ಲಿರುವುದು ಲೋಹದ ಮೈಕು, ತುಟಿಗೆ ತಾಗಿರುವುದು ಲೋಹದ ವಾದ್ಯ. ಮೈಕಿನ ಕವಚ ಆಂಪಿನ ಛಾಸಿಗೆ ನೇರವಾಗಿ ಜೋಡಿಸಿರುತ್ತದೆ. ಇದರಲ್ಲಿ ಉದಾಸೀನ ಬೇಡವೇ ಬೇಡ.

ಮೊದಲ ಆಂಪ್ ಯಾವುದು ಎಂದು ಕೇಳಿದರೆ ನನ್ನ ಉತ್ತರ: 5 ವಾಟ್ಸ್‌ನ ಟ್ಯೂಬ್ ಆಂಪ್, 8 ಅಥವಾ 10 ಇಂಚಿನ ಸ್ಪೀಕರು, ನಾಬುಗಳು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಉಳಿದ ಹಣದಲ್ಲಿ ಒಳ್ಳೆಯ ಮೈಕು ಮತ್ತು ಎ, ಸಿ, ಡಿ ಶ್ರುತಿಗಳ ಮೂರು ಹಾರ್ಮೋನಿಕಾ ಕೊಳ್ಳಿ.