ಹಿಂದಿನ ಗೇಟಿನ ಬೀಗದ ಕೈ

ಈ ನವೆಂಬರಿನ ಸಂಗೀತ ಸಂಜೆಯ ಹೊಣೆ ನಿನ್ನ ಹೆಗಲಿಗೆ ಬಂತೆಂದು ತಿಳಿದು ತುಂಬ ಸಂತೋಷವಾಯಿತು, ಮಗೂ. ಯಲಹಂಕದ ಬಯಲಿನಲ್ಲಿ ಕೂತು ಹಾಡು ಕೇಳುವ ಸುಖ ದೊಡ್ಡದು. ಅದನ್ನು ನಡೆಸಿಕೊಡುವವರ ಕಷ್ಟ ಕೇಳುವವರಿಗೆ ತಿಳಿಯಬಾರದು. ಅವತ್ತು ನೀನು ಕೇಳಿದೆ: ಕಟ್ಟುನಿಟ್ಟಾಗಿರಬೇಕೋ, ಎಲ್ಲರ ಮಾತೂ ಕೇಳಬೇಕೋ, ಅವರವರ ಪಾಡಿಗೆ ಬಿಡಬೇಕೋ? ಮೂರೂ ಬೇಕು. ಯಾವುದು ಯಾವಾಗ ಅನ್ನುವುದರಲ್ಲೇ ಎಲ್ಲ ಇದೆ.

ಈಗ, ಇನ್ನೂ ತಿಂಗಳು ಇರುವಾಗ, ಕೇಳು. ಪೆಂಡಾಲಿನವನನ್ನು, ಜನರೇಟರಿನವನನ್ನು, ಮೈದಾನದ ಎದುರು ಮನೆಯ ಅಜ್ಜಿಯನ್ನು ಕೇಳು. ಮಳೆ ಬಂದರೆ ನೀರು ಯಾವ ಮೂಲೆಗೆ ಹರಿಯುತ್ತದೆಂದು ಆ ಅಜ್ಜಿಗೆ ಗೊತ್ತು, ನಿನಗೆ ಗೊತ್ತಿಲ್ಲ. ಸನ್ಮಾನ ಎಷ್ಟು ಹೊತ್ತು, ಭಾಷಣ ಯಾವಾಗ ಎಂಬ ಜಗಳವೆಲ್ಲ ಈಗಲೇ ಮುಗಿಯಲಿ. ಅತಿಥಿಗಳು ಹೆಬ್ಬಾಳದ ಮೇಲ್ಸೇತುವೆಯಲ್ಲಿ ಸಿಕ್ಕಿಕೊಂಡು ತಡವಾಗಿ ಬರುತ್ತಾರೆ, ಆಗ ನಡುರಾಗದಲ್ಲಿ ಗಾಯಕಿಯನ್ನು ನಿಲ್ಲಿಸಿ ಶಾಲು ಹೊದಿಸುತ್ತಾರೆ. ಅದಕ್ಕಿಂತ ದೊಡ್ಡ ಅವಮಾನ ಸಂಗೀತಕ್ಕೆ ಇಲ್ಲ. ಸಮಿತಿಯ ಹಿರಿಯರನ್ನು ಕೂರಿಸಿಕೊಂಡು, ಅವರ ಬಾಯಿಂದಲೇ ‘ತಡವಾದರೆ ಸನ್ಮಾನ ಕೊನೆಗೆ’ ಎಂದು ಹೇಳಿಸಿಬಿಡು. ಅವರೇ ಹೇಳಿದ ಮಾತನ್ನು ಅವತ್ತು ಅವರೇ ಕಾಯುತ್ತಾರೆ.

ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಮತ್ತು ಅವರ ಜೊತೆಗಾರರು 1930ರ ದಶಕದ ಕೊನೆಯಲ್ಲಿ ಅಮೆರಿಕದ ಹತ್ತು-ಹನ್ನೊಂದರ ಹುಡುಗರಿಗೆ ಮುಖವಾಡ ಮಾಡುವ ಕೆಲಸ ಕೊಟ್ಟು ಈ ಮೂರು ಬಗೆಯ ನಾಯಕರನ್ನೂ ಪರೀಕ್ಷಿಸಿದ್ದರು. ಬರೀ ಅಪ್ಪಣೆ ಕೊಡುವ ನಾಯಕ ಕೋಣೆಯಲ್ಲಿರುವ ತನಕ ಕೆಲಸ ಚೆನ್ನಾಗಿ ಸಾಗುತ್ತಿತ್ತು, ಅವನು ಹೊರಗೆ ಹೋದೊಡನೆ ಕುಂಟುತ್ತಿತ್ತು. ಕೇಳಿ ಕೂಡಿಸಿಕೊಂಡವನ ಗುಂಪು ಅವನಿಲ್ಲದಾಗಲೂ ಮಾಡುತ್ತಲೇ ಇತ್ತು. ಹಿಂದಿನ ಗೇಟಿನಲ್ಲಿ ನಿಲ್ಲುವ ಹುಡುಗನನ್ನು ನೆನೆಸಿಕೋ. ಅವನು ಇಡೀ ಸಂಜೆ ನಿನ್ನ ಕಣ್ಣಿಗೆ ಬೀಳುವುದಿಲ್ಲ. ಆ ಗೇಟು ಯಾಕೆ ತೆರೆದಿರಬೇಕೆಂದು ಅವನಿಗೆ ಅರ್ಥವಾಗಿರಬೇಕು.

ಹಾಡು ಶುರುವಾಯಿತೋ, ನೀನು ಹಿಂದೆ ಸರಿ. ಕಛೇರಿಯನ್ನೇ ನೋಡು. ಮುಖ್ಯ ಕಲಾವಿದರೇ ದಾರಿ ತೋರಿಸುವವರು, ಆದರೆ ತನಿ ಆವರ್ತನ ಬಂದಾಗ ಅವರು ತಾಳ ಹಾಕುತ್ತಾ ಸುಮ್ಮನೆ ಕೂರುತ್ತಾರೆ. ಮೃದಂಗ, ಘಟದವರು ಆ ಹೊತ್ತಿನ ಒಡೆಯರು. ಮಿಕ್ಸರ್ ಮುಂದೆ ಕೂತವನಿಗೂ ಆ ಮರ್ಯಾದೆ ಕೊಡು. ಒಮ್ಮೆ ನಾನು ನಡುಕಛೇರಿಯಲ್ಲಿ ಹೋಗಿ ಪಿಟೀಲು ಜಾಸ್ತಿ ಮಾಡು ಎಂದು ಗದರಿಸಿದೆ. ಅವನು ಹೆದರಿ ಏರಿಸಿದ, ಸ್ಪೀಕರು ಕಿವಿ ಹರಿಯುವಂತೆ ಕಿರುಚಿತು, ಪಲ್ಲವಿ ಒಡೆದುಹೋಯಿತು. ಆ ಕಲಾವಿದೆ ನನ್ನ ಕಡೆ ನೋಡಿದ ನೋಟ ಇವತ್ತಿಗೂ ನೆನಪಿದೆ.

ಇನ್ನು ಮೂರನೆಯದು ಕಟ್ಟುನಿಟ್ಟು, ಅದನ್ನೇ ನಾನು ಮುಖ್ಯವಾಗಿ ಹೇಳಬೇಕಾದದ್ದು. ಆರ್.ಟಿ. ನಗರದ ಒಂದು ಬಯಲು ಕಾರ್ಯಕ್ರಮದಲ್ಲಿ ಇದ್ದಕ್ಕಿದ್ದಂತೆ ಮಳೆ ಸುರಿಯಿತು. ನೆಲದ ಮೇಲೆಲ್ಲ ಕರೆಂಟಿನ ವಯರು. ನಾನು ಆರು ಜನರನ್ನು ಸೇರಿಸಿ ‘ಏನು ಮಾಡೋಣ’ ಎಂದು ಕೇಳಿದೆ! ತಿಂಗಳಿಡೀ ಒಳ್ಳೆಯದಾಗಿದ್ದ ಆ ಪ್ರಶ್ನೆ ಆ ಗಳಿಗೆಯಲ್ಲಿ ಅಪಾಯವಾಗಿತ್ತು. ನಾವು ಮಾತಾಡುತ್ತಿದ್ದಂತೆ ಮೃದಂಗದವರು ವಾದ್ಯ ತಬ್ಬಿಕೊಂಡು ಎದ್ದರು, ಅದನ್ನು ನೋಡಿ ಜನ ಒಂದೇ ಗೇಟಿಗೆ ನುಗ್ಗಿದರು. ಯಾರಿಗೂ ಏನೂ ಆಗಲಿಲ್ಲ. ನಾನು ಮಾಡಿದ್ದರಿಂದ ಅಲ್ಲ.

ಹೆಬ್ಬಾಳದಿಂದ ಪೇಟೆ ಕಡೆ ಇಳಿದರೆ ಮೇಖ್ರಿ ವೃತ್ತದ ಬದಿಗೆ ಅರಮನೆ ಮೈದಾನ. ಮೆಟಾಲಿಕಾ ಎಂಬ ರಾಕ್ ತಂಡದವರು 2011ರ ಅಕ್ಟೋಬರ್ 30ರಂದು ಅಲ್ಲಿ ನುಡಿಸುವ ಎರಡು ದಿನ ಮುಂಚೆ ಗುರುಗ್ರಾಮದಲ್ಲಿ ನುಡಿಸಬೇಕಿತ್ತು. ಅಲ್ಲಿ ವೇದಿಕೆಯ ಮುಂದಿನ ತಡೆಗೋಡೆ ನಿಲ್ಲಲಿಲ್ಲ, ಕಾರ್ಯಕ್ರಮ ನಡೆಯಲಿಲ್ಲ. ಕಾದು ಕಾದು ಸಿಟ್ಟಿಗೆದ್ದ ಜನ ವೇದಿಕೆಗೆ ನುಗ್ಗಿ ಸಾಮಾನು ಪುಡಿ ಮಾಡಿದರು. ನುಡಿಸದೆ ಇದ್ದದ್ದು ಸರಿಯಾದ ತೀರ್ಮಾನವೇ. ಆದರೆ ನಿಲ್ಲಿಸುವ ಮಾತನ್ನು ಬೇಗ, ಸ್ಪಷ್ಟವಾಗಿ, ಒಂದೇ ದನಿಯಲ್ಲಿ ಹೇಳಬೇಕು. 2025ರ ಜೂನ್ 4ರಂದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ನೂಕುನುಗ್ಗಲಿನಲ್ಲಿ 11 ಜೀವ ಹೋದವು. ಸಂಭ್ರಮಕ್ಕೆಂದು ಬಂದಿದ್ದ ಮಕ್ಕಳು ಅವರು. ಆ ನಂತರ ಯಾವ ಪೆಂಡಾಲಿಗೆ ಹೋದರೂ ನನ್ನ ಕಣ್ಣು ಮೊದಲು ಹೊರದಾರಿಯನ್ನು ಹುಡುಕುತ್ತದೆ.

ಅದಕ್ಕೇ, ‘ನಿಲ್ಲಿಸಿ’ ಎನ್ನುವ ಹಕ್ಕು ಯಾರದೆಂದು ಮೊದಲೇ ಗೊತ್ತಿರಲಿ. ಆ ಹೆಸರು ಕಲಾವಿದರಿಗೂ ಮಿಕ್ಸರಿನವನಿಗೂ ಗೇಟಿನವರಿಗೂ ಪೊಲೀಸರಿಗೂ ತಿಳಿದಿರಲಿ. ಅವನು ಕೈ ಎತ್ತಿದರೆ ಹಾಡು ನಿಲ್ಲಬೇಕು, ದೀಪ ಹೊತ್ತಬೇಕು, ಒಬ್ಬನೇ ಮೈಕಿನಲ್ಲಿ ಮೆಲ್ಲಗೆ ಮಾತಾಡಬೇಕು. ಚರ್ಚೆ ಮಾರನೆಯ ದಿನಕ್ಕೆ.

ರಾತ್ರಿ ಹತ್ತರ ವಿಷಯವೂ ಹಾಗೆಯೇ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಿಶೇಷ ಅನುಮತಿಯಿಲ್ಲದೆ ಬಯಲಿನಲ್ಲಿ ಹತ್ತರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ. ‘ಒಂದೇ ಒಂದು ಹಾಡು’ ಎಂದು ಎಲ್ಲರೂ ಕೂಗುತ್ತಾರೆ, ನೀನು ಕರಗಬೇಡ. 9.45ಕ್ಕೆ ಮಂಗಳ ಎಂದು ಕಲಾವಿದರಿಗೆ ಒಪ್ಪಿಕೊಳ್ಳುವಾಗಲೇ ತಿಳಿಸು, ಅವರು ಅದಕ್ಕೆ ತಕ್ಕಂತೆ ಹಾಡುಗಳನ್ನು ಜೋಡಿಸಿಕೊಳ್ಳುತ್ತಾರೆ.

ಶನಿವಾರ ಸಂಜೆ ನಾನೂ ಮೈದಾನಕ್ಕೆ ಬರುತ್ತೇನೆ, ಒಂದು ಸುತ್ತು ನಡೆಯೋಣ. ಹಿಂದಿನ ಗೇಟಿನ ಬೀಗದ ಕೈ ಯಾರ ಹತ್ತಿರ ಇರುತ್ತದೆಂದು ಅಷ್ಟರೊಳಗೆ ವಿಚಾರಿಸಿಟ್ಟಿರು.