ಮಕ್ಕಳು ತೆಗೆದ ಹೂವಿನ ಚಿತ್ರಕ್ಕೆ ನಿಮ್ಮ ಮಾತೇನು?



ಹಿರೇಕೆರೂರಿನ ಕಡೆಯ ಒಂದು ಮನೆಯನ್ನು ನೆನೆಸಿಕೊಳ್ಳಿ. ಹೊಲಕ್ಕೆ ಹೋಗಿದ್ದ ಮಗಳು ಮೊಬೈಲಿನಲ್ಲಿ ಹತ್ತಿ ಹೂವಿನ ಚಿತ್ರ ತೆಗೆದು, "ಅವ್ವಾ, ಇಲ್ನೋಡು" ಎಂದು ಓಡಿ ಬರುತ್ತಾಳೆ. ತಾಯಿ ರೊಟ್ಟಿ ಬಡಿಯುತ್ತಲೇ "ಚಲೋ ಬಂದೈತಿ ಬಿಡವಾ" ಎನ್ನುತ್ತಾಳೆ. ತಂದೆ, "ದಿನಾ ನೋಡೋ ಹೂವಿಗೆ ಫೋಟೋ ಬ್ಯಾರೆ ಬೇಕಾ?" ಎಂದು ನಗುತ್ತಾನೆ. ಇಬ್ಬರೂ ಚಿತ್ರವನ್ನು ನೋಡಲೇ ಇಲ್ಲ. ಅದು ಮಗಳಿಗೆ ತಿಳಿಯುತ್ತದೆ. ಎರಡು ಸಲ ಹೀಗಾದರೆ ಮೂರನೆಯ ಸಲ ಅವಳು ತೋರಿಸಲು ಬರುವುದಿಲ್ಲ.

"ಕ್ಯಾಮರಾ ವಿಷಯ ನಮಗೇನು ಗೊತ್ತು?" ಎಂದು ನೀವು ಕೇಳಬಹುದು. ಹೂವಿನ ವಿಷಯ ಗೊತ್ತಲ್ಲವೇ? ಬೆಳಿಗ್ಗೆ ಕೆನೆಬಣ್ಣದಲ್ಲಿ ಅರಳಿದ ಹತ್ತಿ ಹೂ ಮರುದಿನ ನಸುಗೆಂಪಾಗುವುದನ್ನು ನೀವು ಎಷ್ಟು ವರ್ಷಗಳಿಂದ ಕಂಡಿದ್ದೀರಿ! "ನಾಳೆ ಇದ ಹೂವನ್ನ ಮತ್ತೊಮ್ಮೆ ತಗಿ, ಬಣ್ಣ ತಿರುಗಿರ್ತೈತಿ" ಎಂದು ನೀವು ಹೇಳಬಲ್ಲಿರಿ. ಪೇಟೆಯ ಫೋಟೋ ಸ್ಟುಡಿಯೋದವನಿಗೆ ಈ ಮಾತು ಹೊಳೆಯಲಾರದು.

ಆದುದರಿಂದ ಕೈ ಒರೆಸಿಕೊಂಡು ಒಂದು ನಿಮಿಷ ಕುಳಿತು ನೋಡಿರಿ. ಕಂಡದ್ದನ್ನು ಮೊದಲು ಹೇಳಿರಿ: "ಎಸಳಿನ ಮ್ಯಾಲೆ ಇರುವಿ ಐತಲ್ಲ!" ಬಳಿಕ, ಏನನ್ನು ತೋರಿಸಬೇಕೆಂದಿದ್ದಳು ಎಂದು ಕೇಳಿರಿ. ಅವಳ ಉತ್ತರ ತಿಳಿಯದೆ ತಪ್ಪು ಹುಡುಕುವುದು ನ್ಯಾಯವಲ್ಲ. ಆಮೇಲೆ ಕೊರತೆಯೊಂದನ್ನು, ಅದನ್ನು ಸರಿಪಡಿಸುವ ದಾರಿಯೊಡನೆ ತಿಳಿಸಿರಿ. ಹಿಂದಿನ ಕರೆಂಟ್ ಕಂಬ ಹೂವಿನ ನೆತ್ತಿಯಿಂದಲೇ ಎದ್ದಂತಿದ್ದರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಸಾಕು. ನಡುಹಗಲಿನ ಬಿಸಿಲಿಗೆ ಎಸಳಿನ ಗೆರೆಗಳು ಅಳಿಸಿಹೋಗಿದ್ದರೆ ಬೆಳಗಿನ ಓರೆ ಬೆಳಕಿನಲ್ಲಿ ಮತ್ತೆ ತೆಗೆಯಲಿ. ಆಗ ಸಾಮಾನ್ಯವಾಗಿ ಗಾಳಿಯೂ ಕಡಿಮೆ. ಹೂ ಮಸುಕಾಗಿ ಎಲೆ ಸ್ಪಷ್ಟವಾಗಿದ್ದರೆ, ಪರದೆಯಲ್ಲಿ ಹೂವಿನ ಮೇಲೆಯೇ ಬೆರಳಿಡಲಿ. ಇಷ್ಟನ್ನೂ ಒಂದೇ ಸಂಜೆ ಹೇಳಬೇಡಿ. ಒಂದೇ ಉಸಿರಿಗೆ ಐದು ತಪ್ಪು ಎಣಿಸುವ ತಂದೆಯರನ್ನು ಬಲ್ಲೆ. ಅವರು ಲೆಕ್ಕದ ಮಾಸ್ತರರಾಗಬೇಕಿತ್ತು.

ವನ್ಯಜೀವಿ ಛಾಯಾಚಿತ್ರಗಳಿಂದ ಹೆಸರಾದ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932-2017) ಅವರೂ ಹಿರಿಯರಾದ ಓ.ಸಿ. ಎಡ್ವರ್ಡ್ಸ್ ಅವರ ಮಾರ್ಗದರ್ಶನದಲ್ಲಿ ಕಲಿತವರೇ. ಮುಂದೆ ತಾವೂ ಅನೇಕ ಕಿರಿಯರನ್ನು ತಿದ್ದಿದರು.

ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ನಮ್ಮ ಜಿಲ್ಲೆಯ ಬಂಕಾಪುರ ಕೋಟೆಯಲ್ಲಿ 2006ರಿಂದ ನವಿಲುಧಾಮವಿದೆ. ಹೊಲಗಳಲ್ಲಿಯೂ ನವಿಲುಗಳು ಸುಳಿಯುತ್ತವೆ. ಹೆಣ್ಣು ನವಿಲು ನೆಲದ ಮೇಲೆಯೇ ತತ್ತಿ ಇಡುತ್ತದೆ. ಪೊದೆ ಸರಿಸಿ ಹತ್ತಿರ ಹೋದರೆ ಅದು ತತ್ತಿಗಳನ್ನು ಬಿಟ್ಟು ಹೋಗಬಹುದು, ತೆರೆದ ಗೂಡು ನಾಯಿಯ ಕಣ್ಣಿಗೂ ಬೀಳಬಹುದು. ಅಂಥ ಚಿತ್ರ ಎಷ್ಟೇ ಸೊಗಸಾಗಿದ್ದರೂ "ಹೆಂಗ ತಗದಿ?" ಎಂದು ಕೇಳಿರಿ, ಗೂಡನ್ನು ಕದಡಿ ತೆಗೆದಿದ್ದರೆ ಮೆಚ್ಚಬೇಡಿ.

ಮರುದಿನ ನಸುಗೆಂಪು ಹೂವಿನ ಚಿತ್ರದೊಡನೆ ಮಗಳು ಬಂದಾಗ, ನಿನ್ನೆಯದನ್ನೂ ತೆರೆದು ಎರಡನ್ನೂ ಒಟ್ಟಿಗೆ ನೋಡಿರಿ. ಈ ಸಲ ಅವಳೇ ಮೊದಲು ಮಾತಾಡಲಿ.